ಎರಡನೇ ಸಲ ಸೀಜ್ ಆದ ವೀಡ್ ಕಟ್ಟರ್: ಒಂದು ಪ್ರಕರಣ ಅಧ್ಯಯನ

ಮಷೀನ್ ಬಗ್ಗೆ ಮೊದಲು ಹೇಳ್ತೀನಿ. ಹೆಗಲಿಗೆ ಹಾಕೊಂಡು ಹುಲ್ಲು ಹೊಡೆಯೋ ಮಾಮೂಲಿ ಟು ಸ್ಟ್ರೋಕ್ ವೀಡ್ ಕಟ್ಟರ್, 43 ಸಿಸಿ ಅಂತ ಬರೆದಿರುತ್ತೆ, ಲೆಕ್ಕ ಹಾಕಿದ್ರೆ 40 ಎಂಎಂ ಬೋರ್, 34 ಎಂಎಂ ಸ್ಟ್ರೋಕ್, ಅಂದ್ರೆ 42.7 ಸಿಸಿ. ಮುಂದೆ ಬ್ಲೇಡ್ ಅಲ್ಲ, ನೈಲಾನ್ ದಾರದ ಹೆಡ್. ಪರಿಚಯದವರೊಬ್ಬರದ್ದು. ಕೆಲಸ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ನಿಂತೋಯ್ತು, ಮತ್ತೆ ಸ್ಟಾರ್ಟ್ ಆಗ್ಲೇ ಇಲ್ಲ ಅಂತ ತಂದಿದ್ರು. ಜೊತೆಗೆ ಒಂದು ಹಳೇ ಕತೆನೂ ಬಂತು: ಕೆಲವು ವಾರದ ಹಿಂದೆ ಇದೇ ತರ ನಿಂತಿತ್ತು, ರಿಪೇರಿಗೆ ಕೊಟ್ರು, ಬಿಚ್ಚಿ ನೋಡಿ "ಸೀಜ್ ಆಗಿದೆ, ಆಯಿಲ್ ಕಮ್ಮಿ ಹಾಕಿದೀರ" (ಸೀಜ್ ಅಂದ್ರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಕಚ್ಚಿಕೊಳ್ಳೋದು) ಅಂತ ಹೇಳಿ ಬೋರ್ ಪಿಸ್ಟನ್ ಸೆಟ್, ಅಂದ್ರೆ ಸಿಲಿಂಡರ್ ಪಿಸ್ಟನ್ ಎರಡೂ, ಪೂರ್ತಿ ಹೊಸದು ಹಾಕಿ ಕೊಟ್ಟಿದ್ರು. ಇವರು ಹೆದರಿ ಅಲ್ಲಿಂದ ಮುಂದೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್ ಹಾಕ್ತಿದ್ದ ಆಯಿಲ್‌ನ 40 ಎಂಎಲ್ ಮಾಡಿದ್ರು. ಕೆಲವೇ ಟ್ಯಾಂಕ್ ಓಡಿತು, ಮತ್ತೆ ಅದೇ ಸ್ಥಿತಿ.

ಆಯಿಲ್ ಡಬಲ್ ಹಾಕಿದ ಮೇಲೂ ಆಯಿಲ್ ಕಮ್ಮಿ ಆಗಿ ಸೀಜ್ ಆಯ್ತು ಅಂದ್ರೆ ಎಲ್ಲೋ ಲೆಕ್ಕ ತಪ್ಪಿದೆ ಅಲ್ವ. ಅದಕ್ಕೇ ಈ ಕೇಸ್‌ನ ಪೂರ್ತಿ ಬರೀತಾ ಇದೀನಿ. ಇಂಜಿನ್ ಯಾವುದರಿಂದ ನಿಂತಿತು ಅನ್ನೋದು ಒಂದು ಪ್ರಶ್ನೆ, ಅದು ಯಾಕೆ ಹಂಗಾಯ್ತು ಅನ್ನೋದು ಬೇರೇನೇ ಪ್ರಶ್ನೆ, ಮೊದಲನೇದಕ್ಕೆ ಉತ್ತರ ಸಿಕ್ಕ ತಕ್ಷಣ ಪಾರ್ಟ್ ತರೋಕೆ ಓಡೋದು ಮಾಡು ಸೋರ್ತಿರೋವಾಗ ನೆಲ ಒರೆಸಿ ಬಂದಂಗೆ.

ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ನಾನು ಕೇಳೋದು ಒಂದೇ, ಹೆಂಗೆ ನಿಂತಿತು? ಜನ "ಸಡನ್ ಆಗಿ ನಿಂತೋಯ್ತು" ಅಂತಾರೆ, ಆದ್ರೆ ಆ ಸಡನ್‌ನಲ್ಲೇ ನಾಲ್ಕೈದು ತರ ಇದೆ. ಸ್ವಿಚ್ ಆಫ್ ಮಾಡಿದಂಗೆ ಪಟ್ ಅಂತ ನಿಂತ್ರೆ, ಅದೂ ಹಗ್ಗ ಆರಾಮಾಗಿ ಎಳೆಯೋಕೆ ಬರ್ತಾ ಇದ್ರೆ, ಕರೆಂಟ್ ಕಡೆ ನೋಡ್ಬೇಕು – ಸ್ವಿಚ್ ವೈರ್ ಎಲ್ಲೋ ಸವೆದು ಬಾಡಿಗೆ ತಾಗ್ತಾ ಇರುತ್ತೆ, ಇಲ್ಲ ಕಾಯಿಲ್ ಬಿಸಿ ಆದಾಗ ಕೈಕೊಡ್ತಾ ಇರುತ್ತೆ, ಕಾಯಿಲ್ ಆದ್ರೆ ಆರಿದ ಮೇಲೆ ಮತ್ತೆ ಏನೂ ಆಗಿಲ್ಲ ಅನ್ನೋ ತರ ಓಡುತ್ತೆ. ಒಂದೆರಡು ಸಲ ಎದ್ದು ಬಿದ್ದು, ಗೊರಗೊರ ಅಂದು ನಿಂತ್ರೆ ಪೆಟ್ರೋಲ್ ಸಿಗ್ತಾ ಇಲ್ಲ, ಟ್ಯಾಂಕ್ ಕ್ಯಾಪ್‌ನ ಗಾಳಿ ತೂತು ಮುಚ್ಚಿದ್ರೆ ಹಿಂಗೇ ಆಗುತ್ತೆ, ಕ್ಯಾಪ್ ಸ್ವಲ್ಪ ಸಡಿಲ ಮಾಡಿದ್ರೆ ಉಸ್ ಅಂದು ಗಾಳಿ ಒಳಗೆ ಹೋಗುತ್ತೆ, ಮತ್ತೆ ಸ್ಟಾರ್ಟ್ ಆಗುತ್ತೆ. ಸ್ವಲ್ಪ ಸ್ವಲ್ಪ ಶಕ್ತಿ ಕಳ್ಕೊಂಡು, ರೇಸ್ ಕೊಟ್ರೂ ಏಳದೆ ನಿಂತ್ರೆ ಸೈಲೆನ್ಸರ್ ಜಾಲರಿಯಲ್ಲಿ ಕಾರ್ಬನ್ ಕಟ್ಟಿರಬಹುದು. ಲೋಹದ ಸದ್ದು ಬಂದು ನಿಂತ್ರೆ ಬೇರಿಂಗ್ ಅಥವಾ ರಿಂಗ್ ಮುರಿದಿರೋ ಭಯ.

ಇವರದ್ದು ಇದ್ಯಾವುದೂ ಅಲ್ಲ. ಫುಲ್ ರೇಸ್‌ನಲ್ಲಿ ಎತ್ತರದ ಹುಲ್ಲು ಹೊಡೀತಾ ಇದ್ರಂತೆ, ಅರ್ಧ ಟ್ಯಾಂಕ್ ಇತ್ತಂತೆ, ನಿಲ್ಲೋಕೆ ಸ್ವಲ್ಪ ಮುಂಚೆ ಸೌಂಡ್ ತೆಳ್ಳಗಾಯ್ತು, ಕಿರುಚೋ ತರ, "ಪಿಕಪ್ ಒಳ್ಳೆ ಬಂತು ಅನ್ಕೊಂಡೆ" ಅಂದ್ರು. ಆಮೇಲೆ ಒಂದೇ ಸಲಕ್ಕೆ ಹಿಡಿದಂಗಾಗಿ ನಿಂತಿತು. ತಕ್ಷಣ ಹಗ್ಗ ಎಳೆದ್ರೆ ಅಲುಗಾಡ್ಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದ್ರೆ ಬಂತು, ಕಷ್ಟಪಟ್ಟು ಸ್ಟಾರ್ಟೂ ಆಯ್ತು, ಆದ್ರೆ ರೇಸ್ ಬಿಟ್ರೂ ಐಡಲ್‌ಗೆ ಇಳೀಲಿಲ್ಲ, ತಾನೇ ಜೋರಾಗಿ ಓಡ್ತಾ ಇತ್ತು, ಹೆದರಿ ಆಫ್ ಮಾಡಿದ್ರು. ಆಮೇಲೆ ಸ್ಟಾರ್ಟೇ ಇಲ್ಲ.

ಈ ಮಾತಲ್ಲೇ ಮುಕ್ಕಾಲು ಡಯಾಗ್ನೋಸಿಸ್ ಇದೆ. ಕಿರುಚಿದ್ದು ಅಂದ್ರೆ ಮಿಕ್ಸರ್ (ಗಾಳಿ ಪೆಟ್ರೋಲ್ ಮಿಶ್ರಣ) ಲೀನ್ ಆಗಿದೆ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆದಾಗ ಆರ್‌ಪಿಎಂ ಏರುತ್ತೆ, ಅದು ಪಿಕಪ್ ಅಲ್ಲ, ಕೊನೇ ವಾರ್ನಿಂಗ್. ಹಗ್ಗ ಹಿಡಿದು ಆರಿದ ಮೇಲೆ ಬಿಟ್ಟಿದ್ದು ಅಂದ್ರೆ ಪಿಸ್ಟನ್ ಬಿಸಿಗೆ ಉಬ್ಬಿ ಬೋರ್‌ಗೆ ಕಚ್ಚಿದೆ, ತಣ್ಣಗಾದಾಗ ಕುಗ್ಗಿ ಬಿಡಿಸ್ಕೊಂಡಿದೆ. ಐಡಲ್ ಇಳೀದೆ ಇದ್ದಿದ್ದು ಮೂರನೇ ಸುಳಿವು, ಅದರ ಬಗ್ಗೆ ಆಮೇಲೆ ಬರ್ತೀನಿ, ಅದೇ ಈ ಕೇಸ್‌ನ ಕೀಲಿ.

ಹಗ್ಗ ಸಿಕ್ಕಾಕೊಂಡ್ರೆ ದಾರದ ಹೆಡ್‌ಗೆ ಹುಲ್ಲು ಸುತ್ಕೊಂಡಿದೆ ಅಂತ ಹೆಡ್ ಬಿಚ್ಚೋಕೆ ಕೂರೋರು ಇದ್ದಾರೆ. ಮಧ್ಯೆ ಸೆಂಟ್ರಿಫ್ಯೂಗಲ್ ಕ್ಲಚ್ ಇದೆ, ಹಗ್ಗ ಎಳೆಯೋ ಸ್ಪೀಡ್‌ಗೆ ಕ್ಲಚ್ ಹಿಡಿಯೋದೇ ಇಲ್ಲ, ಕ್ಲಚ್ ಶೂ ಡ್ರಮ್‌ಗೆ ಅಂಟಿಕೊಂಡಿದ್ರೆ ಬಿಟ್ಟು ಹೆಡ್‌ಗೂ ಹಗ್ಗಕ್ಕೂ ಸಂಬಂಧ ಇಲ್ಲ. ಪ್ಲಗ್ ಬಿಚ್ಚಿ ಎಳೆದು ನೋಡಿ: ಆಗ ಸಲೀಸಾಗಿ ಬಂದ್ರೆ ಒಳಗೆ ಪೆಟ್ರೋಲ್ ತುಂಬಿತ್ತು ಅಂತ, ಆಗ್ಲೂ ಬರ್ಲಿಲ್ಲ ಅಂದ್ರೆ ಸ್ಟಾರ್ಟರ್ ಕವರ್ ಬಿಚ್ಚಿ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸೋ ಶಾಫ್ಟ್) ಕೈಯಲ್ಲಿ ತಿರುಗಿಸಿ ನೋಡಿ, ತಪ್ಪು ಸ್ಟಾರ್ಟರ್‌ದಾ ಇಂಜಿನ್‌ದಾ ಅಂತ ಅಲ್ಲೇ ಗೊತ್ತಾಗುತ್ತೆ.

ಸರಿ, ಚೆಕಿಂಗ್. ಕತೆ ಎಷ್ಟೇ ಸ್ಪಷ್ಟ ಇದ್ರೂ ಸ್ಪಾರ್ಕ್, ಪೆಟ್ರೋಲ್, ಕಂಪ್ರೆಷನ್ ಮೂರನ್ನೂ ನೋಡದೆ ಮುಂದೆ ಹೋಗ್ಬಾರ್ದು. ಸ್ಪಾರ್ಕ್ ಚೆನ್ನಾಗಿತ್ತು, ಪ್ಲಗ್‌ನ ಬಾಡಿಗೆ ತಾಗಿಸಿ ನೋಡೋದಾದ್ರೆ ಪ್ಲಗ್ ತೂತಿಂದ ದೂರ ಇಟ್ಕೊಳ್ಳಿ, ಒಳಗಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ಕಾಯಿಲ್‌ಗೂ ಮ್ಯಾಗ್ನೆಟ್‌ಗೂ (ಕ್ರ್ಯಾಂಕ್ ಜೊತೆ ತಿರುಗೋ ಮ್ಯಾಗ್ನೆಟ್ ಇರೋ ಚಕ್ರ) ಗ್ಯಾಪ್ 0.3 ಎಂಎಂ ಆಸುಪಾಸು ಇರ್ಬೇಕು, ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದೆ, ಸರಿ ಇತ್ತು. ಟ್ಯಾಂಕ್ ಒಳಗಿನ ಫಿಲ್ಟರ್ ಕ್ಲೀನ್, ಪೈಪ್ ಮೆತ್ತಗಿದೆ, ಬಿರುಕಿಲ್ಲ, ಕ್ಯಾಪ್ ಗಾಳಿ ಎಳ್ಕೊಳ್ತಿದೆ, ಪ್ರೈಮರ್ ಬಲ್ಬ್ ಒತ್ತಿದ್ರೆ ಗುಳ್ಳೆ ಇಲ್ಲದೆ ಪೆಟ್ರೋಲ್ ಓಡುತ್ತೆ.

ಆದ್ರೆ ಬಿಚ್ಚಿದ ಪ್ಲಗ್‌ನ ಬಿಸಾಕೋ ಮುಂಚೆ ಬೆಳಕಿಗೆ ಹಿಡಿದು ನೋಡ್ಬೇಕು, ತುಂಬಾ ಜನ ನೋಡೋದೇ ಇಲ್ಲ. ಚೆನ್ನಾಗಿ ಓಡ್ತಿರೋ ಟು ಸ್ಟ್ರೋಕ್ ಪ್ಲಗ್ ಕಂದು ಬಣ್ಣ ಇರುತ್ತೆ. ಇದರದ್ದು ಬಿಳಿಚಿಕೊಂಡಿತ್ತು, ಒಣಗಿತ್ತು, ಆ ಬಿಳಿ ಪಿಂಗಾಣಿ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ, ಭೂತಗನ್ನಡಿ ಇದ್ರೆ ಸ್ಪಷ್ಟ ಕಾಣುತ್ತೆ. ಅದು ಅಲ್ಯೂಮಿನಿಯಂ. ಪಿಸ್ಟನ್‌ನ ತುಣುಕೇ ಅಲ್ಲಿಗೆ ಹಾರಿ ಅಂಟಿದೆ. ಅಲ್ಲಿಗೆ ಕಾಯಿಲ್, ವೈರ್, ಫಿಲ್ಟರ್ ಎಲ್ಲ ಆರೋಪಿ ಲಿಸ್ಟಿಂದ ಆಚೆ ಹೋದಂಗೇ.

ಕಂಪ್ರೆಷನ್ ಗೇಜ್ 75 ಪಿಎಸ್ಐ ಹತ್ರ ನಿಂತಿತು. ಇಂಥ ಇಂಜಿನ್ 90ರ ಕೆಳಗೆ ಹೋದ್ರೆ ಸಾಮಾನ್ಯವಾಗಿ ಸ್ಟಾರ್ಟ್ ಆಗೋದೇ ಕಷ್ಟ, ಆರೋಗ್ಯವಾಗಿದ್ರೆ 120, ಅದಕ್ಕಿಂತ ಮೇಲೂ ಕೊಡುತ್ತೆ. ಇಲ್ಲೊಂದು ವಿಷಯ ಹೇಳ್ಬೇಕು, ಕಾರಿಗೆ ಬಳಸೋ ಗೇಜ್‌ಗೆ ಉದ್ದ ಪೈಪ್ ಇರುತ್ತೆ, ಗಾಳಿ ತಡೆಯೋ ವಾಲ್ವ್ ಪೈಪ್‌ನ ಆ ತುದಿಯಲ್ಲಿ ಗೇಜ್ ಹತ್ರ ಇದ್ರೆ ಇಷ್ಟು ಚಿಕ್ಕ ಇಂಜಿನ್‌ಗೆ ಆ ಪೈಪ್ ಒಳಗಿನ ಜಾಗನೇ ದೊಡ್ಡದು, ರೀಡಿಂಗ್ ನಿಜಕ್ಕಿಂತ ಕಮ್ಮಿ ತೋರಿಸುತ್ತೆ, ಒಳ್ಳೇ ಇಂಜಿನ್‌ನೂ ಕೆಟ್ಟಿದೆ ಅನ್ಕೋತೀವಿ. ವಾಲ್ವ್ ಪ್ಲಗ್ ಕಡೆ ತುದಿಯಲ್ಲೇ ಇರೋ ಗೇಜ್ ಬೇಕು. ಗೇಜೇ ಇಲ್ಲ ಅಂದ್ರೆ ಇಂಜಿನ್‌ನ ಸ್ಟಾರ್ಟಿಂಗ್ ಹಿಡಿಕೆಯಲ್ಲಿ ತೂಗು ಹಾಕಿ ನೋಡೋದು, ಕಂಪ್ರೆಷನ್ ಇದ್ರೆ ಅದರ ಭಾರಕ್ಕೆ ಹಗ್ಗ ಸುಮ್ನೆ ಬಿಚ್ಕೊಂಡು ಬರಲ್ಲ, ತಡೆದು ತಡೆದು ಇಳಿಯುತ್ತೆ. ಇದು ಜರ್ರಂತ ಇಳೀತು.

ಈಗ ಸೈಲೆನ್ಸರ್. ಎರಡು ಬೋಲ್ಟ್, ಅಷ್ಟೇ, ಆದ್ರೆ ಇಡೀ ಡಯಾಗ್ನೋಸಿಸ್‌ನಲ್ಲಿ ಇಷ್ಟು ಕಮ್ಮಿ ಕೆಲಸಕ್ಕೆ ಇಷ್ಟು ಮಾಹಿತಿ ಕೊಡೋ ಜಾಗ ಇನ್ನೊಂದಿಲ್ಲ. ಎಕ್ಸಾಸ್ಟ್ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ಹಗ್ಗನ ನಿಧಾನ ಎಳೆದ್ರೆ ಪಿಸ್ಟನ್ ಎದುರಿಗೇ ಮೇಲೆ ಕೆಳಗೆ ಓಡಾಡುತ್ತೆ. ಉದ್ದುದ್ದ ಗೀರು, ಅಲ್ಯೂಮಿನಿಯಂ ಸವರಿದಂಗಾಗಿ ರಿಂಗ್‌ನ ಅದರ ಕಾಲುವೆ ಒಳಗೇ ಮುಚ್ಚಿ ಹಾಕಿತ್ತು, ರಿಂಗ್ ಹೊರಗೆ ಚಾಚದಿದ್ರೆ ಕಂಪ್ರೆಷನ್ ಎಲ್ಲಿಂದ ಬರ್ಬೇಕು. ಸೀಜ್ ಆಗಿದೆ ಅನ್ನೋದು ಖಾತ್ರಿ. ಹಿಂದಿನ ರಿಪೇರಿಯವರು ನೋಡಿದ್ದೂ ಇದನ್ನೇ, ನಿಂತಿದ್ದೂ ಇಲ್ಲೇ.

ನಾನು ಆಮೇಲೆ ಕಾರ್ಬೊರೇಟರ್ ಬಿಚ್ಚಿ ಇಂಟೇಕ್ ಕಡೆಯಿಂದನೂ ನೋಡಿದೆ. ಆ ಕಡೆ ಪಿಸ್ಟನ್ ಹೊಸದರ ತರ ಇತ್ತು, ಫ್ಯಾಕ್ಟರಿಯಲ್ಲಿ ಲೇತ್‌ಗೆ ಹಾಕಿದ ಸಣ್ಣ ಗೆರೆಗಳೂ ಅಳಿಸಿರಲಿಲ್ಲ. ಇದು ದೊಡ್ಡ ವಿಷಯ. ಆಯಿಲ್ ಹಾಕೋದೇ ಮರೆತು ಬರೀ ಪೆಟ್ರೋಲ್‌ನಲ್ಲಿ ಓಡಿಸಿದ್ರೆ ಪಿಸ್ಟನ್ ಸುತ್ತಲೂ ಗೀರಿರುತ್ತೆ, ಕೆಳಗೆ ಕ್ರ್ಯಾಂಕ್ ಒಣಗಿರುತ್ತೆ, ಕನೆಕ್ಟಿಂಗ್ ರಾಡ್ ಬೇರಿಂಗ್ ಹತ್ರ ಬಿಸಿಗೆ ನೀಲಿ ಬಣ್ಣ ಬಂದಿರಬಹುದು. ಏರ್ ಫಿಲ್ಟರ್ ಸರಿ ಇಲ್ಲದೆ ಮಣ್ಣು ಹೋಗಿದ್ರೆ ಇಂಟೇಕ್ ಕಡೆ ಪಿಸ್ಟನ್ ಮಂಕಾಗಿ ಉಜ್ಜಿಹೋಗಿರುತ್ತೆ. ಬರೀ ಎಕ್ಸಾಸ್ಟ್ ಕಡೆ ಮಾತ್ರ ಗೀರು ಅಂದ್ರೆ ಬಿಸಿ ಜಾಸ್ತಿ ಆಗಿದೆ ಅಂತ. ಉರಿದ ಗ್ಯಾಸ್ ಎಲ್ಲ ಆ ಬಾಗಿಲಿಂದನೇ ಹೊರಗೆ ಹೋಗೋದು, ಆ ಬದಿನೇ ಮೊದಲು ಉಬ್ಬೋದು, ಇಂಟೇಕ್ ಬದಿಗೆ ಪ್ರತೀ ಸುತ್ತಿಗೂ ತಣ್ಣನೆ ಮಿಕ್ಸರ್ ಬಂದು ಬಡೀತಾ ಇರುತ್ತೆ. ಬೆರಳಾಡಿಸಿದ್ರೆ ಕ್ರ್ಯಾಂಕ್ ಒಳಗೆ ಎಣ್ಣೆ ಜಿಡ್ಡು ಧಾರಾಳ ಇತ್ತು. ಟ್ಯಾಂಕಲ್ಲಿ ಉಳಿದಿದ್ದ ಪೆಟ್ರೋಲ್ ಒಂದು ಹನಿ ಬಿಳಿ ಪೇಪರ್ ಮೇಲೆ ಬಿಟ್ಟೆ, ಪೆಟ್ರೋಲ್ ಆರಿಹೋಗಿ ಎಣ್ಣೆ ಕಲೆ ಉಳೀತು. ಇದು ಎಷ್ಟು ಆಯಿಲ್ ಇದೆ ಅಂತ ಅಳೆಯೋ ಪರೀಕ್ಷೆ ಅಲ್ಲ, ಇದೆಯಾ ಇಲ್ವಾ ಅಂತ ನೋಡೋಕೆ ಸಾಕು. ಆಯಿಲ್ ಇತ್ತು. ಮಾಲೀಕರ ಮೇಲೆ ಹಾಕಿದ ಆರೋಪ ಅಲ್ಲಿಗೆ ಬಿದ್ದೋಯ್ತು.

"ಆಯಿಲ್ ಕಮ್ಮಿ" ಅನ್ನೋದು ರಿಪೇರಿ ಮಾಡೋರಿಗೆ ಬಹಳ ಅನುಕೂಲದ ತೀರ್ಪು, ತಪ್ಪು ಗಿರಾಕಿದಾಗುತ್ತೆ, ಹುಡುಕೋ ಕೆಲಸ ಉಳಿಯುತ್ತೆ. ಅವರು ಬೇಕಂತ ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಾ ಇಲ್ಲ, ಯಾಕಂದ್ರೆ ಗೊಂದಲ ಆಗೋದಕ್ಕೆ ಕಾರಣನೂ ಇದೆ: ಟು ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬರೋದು. ಹಾಗಾಗಿ ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ಲೂ ಕಮ್ಮಿ ಆಗುತ್ತೆ, ಜೊತೆಗೆ ಪೆಟ್ರೋಲ್ ಆವಿ ಆಗುವಾಗ ಆಗ್ಬೇಕಾದ ತಂಪೂ ಕಮ್ಮಿ ಆಗುತ್ತೆ, ಮೇಲ್ನೋಟಕ್ಕೆ ಎರಡೂ ಒಂದೇ ತರ ಕಾಣುತ್ತೆ. ಇನ್ನು 40 ಎಂಎಲ್ ಹಾಕಿದ್ದು ಸಹಾಯ ಮಾಡ್ತಾ ಅಂದ್ರೆ, ಕಾರ್ಬೊರೇಟರ್ ಜೆಟ್‌ನಲ್ಲಿ ಹೋಗೋ ದ್ರವ ಅಷ್ಟೇ ಇರುತ್ತೆ, ಅದರಲ್ಲಿ ಆಯಿಲ್ ಪಾಲು ಏರಿಸಿದ್ರೆ ಪೆಟ್ರೋಲ್ ಪಾಲು ಇಳಿಯುತ್ತೆ, ಗಟ್ಟಿ ಇರೋದ್ರಿಂದ ಹರಿಯೋದೂ ನಿಧಾನ. ಮಿಕ್ಸರ್ ಚೂರು ಇನ್ನೂ ಲೀನ್. ದೊಡ್ಡ ವ್ಯತ್ಯಾಸ ಅಲ್ಲ, ಆದ್ರೆ ಹೋಗಿದ್ದು ಉಲ್ಟಾ ದಿಕ್ಕಿಗೆ.

ಹಾಗಾದ್ರೆ ಲೀನ್ ಯಾಕಾಯ್ತು. ಎರಡೇ ದಾರಿ, ಪೆಟ್ರೋಲ್ ಕಮ್ಮಿ ಬಂತು ಇಲ್ಲ ಗಾಳಿ ಕಳ್ಳದಾರಿಯಲ್ಲಿ ಬಂತು. ಪೆಟ್ರೋಲ್ ಕಡೆ ಅಂದ್ರೆ ಕಾರ್ಬೊರೇಟರ್ ಒಳಗಿನ ಪುಟ್ಟ ಜಾಲರಿ ಮುಚ್ಚಿರಬಹುದು, ಡಯಾಫ್ರಂ ಗಟ್ಟಿಯಾಗಿರಬಹುದು, ಎಚ್ ಸ್ಕ್ರೂನ (ಫುಲ್ ರೇಸ್‌ನಲ್ಲಿ ಹೋಗೋ ಪೆಟ್ರೋಲ್ ಹೊಂದಿಸೋದು) ಯಾರಾದ್ರೂ ಬಿಗಿ ಮಾಡಿರಬಹುದು, ಎಥನಾಲ್ ಬೆರೆತ ಪೆಟ್ರೋಲ್ ಆದ್ರೆ ಅದೇ ಜೆಟ್‌ನಲ್ಲಿ ಸ್ವಲ್ಪ ಲೀನ್ ಆಗೋದು ಸಹಜ. ಬಿಚ್ಚಿ ನೋಡಿದೆ, ಜಾಲರಿ ಕ್ಲೀನ್, ಡಯಾಫ್ರಂ ಮೆತ್ತಗಿದೆ. ಆದ್ರೆ ನಿಜ ಹೇಳ್ಬೇಕಂದ್ರೆ ಕಾರ್ಬೊರೇಟರ್ ಬಿಚ್ಚೋ ಮುಂಚೇನೇ ನನ್ನ ಅನುಮಾನ ಗಾಳಿ ಕಡೆನೇ ಇತ್ತು, ಕಾರಣ ಆ ಐಡಲ್. ಪೆಟ್ರೋಲ್ ದಾರಿ ಕಟ್ಟಿರೋ ಇಂಜಿನ್ ರೇಸ್ ಕೊಟ್ಟಾಗ ಉಸಿರುಗಟ್ಟುತ್ತೆ, ಅರ್ಧ ಚೋಕ್ ಹಾಕಿದ್ರೆ ಸುಧಾರಿಸುತ್ತೆ, ಐಡಲ್‌ನಲ್ಲಿ ತಾನೇ ಕಿರುಚೋದು ಕಮ್ಮಿ. ಗಾಳಿ ಕಳ್ಳದಾರಿ ಇದ್ರೆ ರೇಸ್ ಬಿಟ್ಟು ಥ್ರಾಟಲ್ ಮುಚ್ಚಿದ್ರೂ ಗಾಳಿ ಬರ್ತಾನೇ ಇರುತ್ತಲ್ಲ, ಐಡಲ್ ಮೇಲೇ ತೂಗಾಡುತ್ತೆ, ಇಂಜಿನ್ ಬಿಸಿ ಆದಷ್ಟೂ ಜಾಸ್ತಿ ಆಗುತ್ತೆ.

ಆ ಕಳ್ಳದಾರಿಗಳು ಯಾವ್ಯಾವು ಅಂದ್ರೆ ಕಾರ್ಬೊರೇಟರ್ ನಟ್ ಸಡಿಲ, ಅದರ ಹಿಂದಿನ ಕಪ್ಪು ಇನ್ಸುಲೇಟರ್ ಬ್ಲಾಕ್ ಬಿರುಕು ಅಥವಾ ಅದರ ಗ್ಯಾಸ್ಕೆಟ್, ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್, ಕ್ರ್ಯಾಂಕ್‌ಕೇಸ್ ಎರಡು ಹೋಳು ಸೇರೋ ಜಾಗ, ಆಮೇಲೆ ಕ್ರ್ಯಾಂಕ್‌ನ ಎರಡು ಕಡೆ ಆಯಿಲ್ ಸೀಲ್, ಅಂದ್ರೆ ಶಾಫ್ಟ್ ಸುತ್ತ ಗಾಳಿ ಆಯಿಲ್ ದಾಟದಂಗೆ ತಡೆಯೋ ರಬ್ಬರ್ ಉಂಗುರ. ಟು ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ ವ್ಯಾಕ್ಯೂಮ್ ಆಗಿ ಅದೇ ಕಾರ್ಬೊರೇಟರ್‌ನಿಂದ ಮಿಕ್ಸರ್ ಎಳ್ಕೊಳ್ಳೋದು. ಬೇರೆ ಎಲ್ಲೇ ತೂತಿದ್ರೂ ಅಲ್ಲಿಂದ ಬರೀ ಗಾಳಿ ಎಳ್ಕೊಳ್ಳುತ್ತೆ, ಅದರಲ್ಲಿ ಪೆಟ್ರೋಲೂ ಇಲ್ಲ ಆಯಿಲ್ಲೂ ಇಲ್ಲ.

ಓಡೋ ಇಂಜಿನ್ ಆಗಿದ್ರೆ ಜಾಯಿಂಟ್‌ಗಳ ಮೇಲೆ ಸ್ಪ್ರೇ ಹೊಡೆದು ಸೌಂಡ್ ಬದಲಾಗುತ್ತಾ ಅಂತ ನೋಡೋರು ಇದ್ದಾರೆ, ನನಗೆ ಅದು ಇಷ್ಟ ಇಲ್ಲ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತೆ, ಮ್ಯಾಗ್ನೆಟ್ ಫ್ಯಾನ್ ಆ ಸ್ಪ್ರೇನ ಎಲ್ಲಾ ಕಡೆ ಊದುತ್ತೆ, ಸೀಲ್ ಅಂತೂ ಮ್ಯಾಗ್ನೆಟ್ ಹಿಂದೆ ಅಡಗಿರುತ್ತೆ. ಹೆಂಗೂ ಇದು ಓಡ್ತಾ ಇರ್ಲಿಲ್ಲ. ಪ್ರೆಷರ್ ಟೆಸ್ಟೇ ಗತಿ.

ಅದಕ್ಕೆ ದುಬಾರಿ ಉಪಕರಣ ಏನೂ ಬೇಡ. ಸೈಲೆನ್ಸರ್ ಜಾಗಕ್ಕೆ ಸೈಕಲ್ ಟ್ಯೂಬ್ ತುಂಡು ಇಟ್ಟು ಅದರ ಮೇಲೆ ಸೈಲೆನ್ಸರ್‌ನೇ ವಾಪಸ್ ಬಿಗಿ ಮಾಡಿದೆ, ಎಕ್ಸಾಸ್ಟ್ ಬಂದ್. ಇನ್ಸುಲೇಟರ್ ಬ್ಲಾಕ್ ಬಿಚ್ಚಲಿಲ್ಲ, ಅದರ ಗ್ಯಾಸ್ಕೆಟ್ಟೂ ಪರೀಕ್ಷೆಗೆ ಒಳಪಡಲಿ ಅಂತ, ಕಾರ್ಬೊರೇಟರ್ ಕೂರೋ ಮುಖಕ್ಕೆ ರಬ್ಬರ್ ಇಟ್ಟು ಒಂದು ಪ್ಲೇಟ್ ಬಿಗಿ ಮಾಡಿ ಪ್ಲೇಟ್‌ಗೆ ಒಂದು ಸಣ್ಣ ಪೈಪ್ ಕೂರಿಸಿದೆ. ಪ್ಲಗ್ ಹಾಕಿ ಪಿಸ್ಟನ್‌ನ ಪೂರ್ತಿ ಮೇಲಕ್ಕೆ ತಂದೆ, ಈ ತರ ಇಂಜಿನ್‌ನಲ್ಲಿ ಪಿಸ್ಟನ್ ಮೇಲಿದ್ದಾಗ ಇಂಟೇಕ್ ಪೋರ್ಟ್ ಕ್ರ್ಯಾಂಕ್‌ಕೇಸ್‌ಗೆ ತೆರೆದಿರುತ್ತೆ. ಗಾಳಿ ತುಂಬೋಕೆ ಬಿಪಿ ನೋಡೋ ಮಷೀನ್‌ನ ಬಲ್ಬೂ ಡಯಲ್ಲೂ. ನಗಬೇಡಿ, ಡಯಲ್ 300ರ ತನಕ ಇರುತ್ತೆ, 300 ಎಂಎಂ ಪಾದರಸ ಅಂದ್ರೆ 5.8 ಪಿಎಸ್ಐ, ಇಂಥ ಇಂಜಿನ್ ಕ್ರ್ಯಾಂಕ್‌ಕೇಸ್ ಪರೀಕ್ಷೆಗೆ ಹೇಳಿ ಮಾಡಿಸಿದ ರೇಂಜ್. ಸೈಕಲ್ ಪಂಪ್‌ನಲ್ಲಿ ಅಳತೆ ಇಲ್ಲದೆ ಹೊಡೆದ್ರೆ ಒಳ್ಳೇ ಸೀಲೂ ಹೊರಗೆ ಬಂದ್ಬಿಡಬಹುದು.

250ಕ್ಕೆ ಏರಿಸಿ ಬಿಟ್ಟೆ. ಮುಳ್ಳು ನಿಂತಿತು. ಬಹಳ ನಿಧಾನವಾಗಿ ಚೂರು ಇಳೀತು ಅನ್ನೋದು ಬಿಟ್ರೆ ನಿಂತೇ ಇತ್ತು. ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಸವರಿದ್ರೂ ಗುಳ್ಳೆ ಇಲ್ಲ.

ತುಂಬಾ ಜನ ಇಲ್ಲಿಗೆ ಲೀಕ್ ಇಲ್ಲ ಅಂತ ಬರೆದು ಮುಚ್ಚಿಬಿಡ್ತಾರೆ. ಆದ್ರೆ ಆಯಿಲ್ ಸೀಲ್ ತುಟಿ ಯಾವ ಕಡೆ ಮುಖ ಮಾಡಿರುತ್ತೆ ಅಂತ ಒಂದ್ಸಲ ಯೋಚನೆ ಮಾಡಿ. ಆ ಸಣ್ಣ ಸ್ಪ್ರಿಂಗ್ ಇರೋ ಬದಿ ಒಳಕ್ಕೆ. ಒಳಗೆ ಗಾಳಿ ತುಂಬಿದ್ರೆ ಆ ಒತ್ತಡನೇ ತುಟಿಯನ್ನ ಶಾಫ್ಟ್‌ಗೆ ಇನ್ನೂ ಬಿಗಿಯಾಗಿ ಒತ್ತುತ್ತೆ, ಸವೆದ ಸೀಲೂ ಪಾಸ್ ಆಗುತ್ತೆ. ಒಳಗಿಂದ ಎಳೆದ್ರೆ ಮಾತ್ರ ತುಟಿ ಎದ್ದು ಬಣ್ಣ ಬಯಲಾಗುತ್ತೆ, ಇಂಜಿನ್ ಗಾಳಿ ಕದಿಯೋದೂ ಎಳೆಯೋವಾಗಲೇ. ಹಂಗಾಗಿ ಪ್ರೆಷರ್ ಒಂದೇ ಸಾಲದು, ವ್ಯಾಕ್ಯೂಮ್ ಬೇಕೇ ಬೇಕು. ಬ್ರೇಕ್ ಆಯಿಲ್ ಬ್ಲೀಡ್ ಮಾಡೋ ಕೈಪಂಪ್‌ನಲ್ಲಿ ವ್ಯಾಕ್ಯೂಮ್ ಗೇಜ್ ಇರುತ್ತೆ, ಅದನ್ನ ಹಾಕಿ 0.4 ಬಾರ್‌ನಷ್ಟು ಎಳೆದೆ, ಕೈ ಬಿಟ್ಟ ತಕ್ಷಣ ಮುಳ್ಳು ಓಡಿ ಸೊನ್ನೆಗೆ ಬಂತು. ಇಲ್ಲಿದ್ದಾನೆ ಕಳ್ಳ. ಪಂಪ್ ಇಲ್ಲದೋರು ದೊಡ್ಡ ಸಿರಿಂಜ್‌ನಲ್ಲಿ ಎಳೆದು ಹಿಡಿದು ನೋಡಬಹುದು, ಅಳತೆ ಸಿಗಲ್ಲ, ಆದ್ರೆ ಬಿಟ್ಟಾಗ ಪ್ಲಂಜರ್ ವಾಪಸ್ ಓಡುತ್ತಾ ಇಲ್ಲ ಮೆತ್ತಗಾಗುತ್ತಾ ಅಂತ ಕೈಗೇ ಗೊತ್ತಾಗುತ್ತೆ.

ಯಾವ ಸೀಲ್ ಅಂತ ಹುಡುಕೋಕೆ ವ್ಯಾಕ್ಯೂಮ್‌ನಲ್ಲಿ ಸೋಪ್ ನೀರು ಕೆಲಸಕ್ಕೆ ಬರಲ್ಲ, ಗುಳ್ಳೆ ಒಳಗೆ ಹೋಗುತ್ತೆ. ಅದಕ್ಕೆ ಹೊರಗಿಂದ ಗ್ರೀಸ್ ಇಲ್ಲ ದಪ್ಪ ಆಯಿಲ್ ತುಂಬಿಸೋದು. ಈ ಮಾಡೆಲ್‌ನಲ್ಲಿ ಸ್ಟಾರ್ಟರ್ ಹಿಂದಗಡೆ, ಮ್ಯಾಗ್ನೆಟ್ಟೂ ಕ್ಲಚ್ಚೂ ಎರಡೂ ಮುಂದಗಡೆ, ಕ್ಲಚ್ ಶೂ ಮ್ಯಾಗ್ನೆಟ್ ಮೇಲೇ ಕೂತಿರುತ್ತೆ. ಹಿಂದಿನ ಸೀಲ್‌ಗೆ ಗ್ರೀಸ್ ಹಚ್ಚಿದ್ರೆ ಏನೂ ವ್ಯತ್ಯಾಸ ಇಲ್ಲ. ಮುಂದಿನದಕ್ಕೆ ಮ್ಯಾಗ್ನೆಟ್ ಬಿಚ್ಲೇಬೇಕು, ಪಿಸ್ಟನ್ ಎಕ್ಸಾಸ್ಟ್ ಪೋರ್ಟ್ ದಾಟಿ ಮೇಲೆ ಬಂದ ಮೇಲೆ ಪ್ಲಗ್ ತೂತಲ್ಲಿ ಹಗ್ಗ ತುರುಕಿ ಕ್ರ್ಯಾಂಕ್ ಲಾಕ್ ಮಾಡಿ, ನಟ್ ಬಿಚ್ಚಿ, ಪುಲ್ಲರ್ ಹಾಕಿ ತೆಗೆದೆ. ಪೋರ್ಟ್ ದಾಟೋ ಮುಂಚೆ ಹಗ್ಗ ಹಾಕಿದ್ರೆ ಅದು ಪೋರ್ಟ್‌ನಲ್ಲಿ ಸಿಕ್ಕಿ ಕತ್ತರಿಸಿಹೋಗುತ್ತೆ, ಇದೊಂದು ನೆನಪಿರಲಿ. ಸೀಲ್ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪು ಗಸಿ ಕಟ್ಟಿತ್ತು. ಒರೆಸಿ, ಆಯಿಲ್ ತುಂಬಿ, ಮತ್ತೆ ಎಳೆದೆ. ಆಯಿಲ್ ಕಣ್ಣೆದುರಿಗೇ ಒಳಗೆ ಹೋಯ್ತು, ಮುಳ್ಳು ಇಳಿಯೋದೂ ಅಷ್ಟು ಹೊತ್ತು ನಿಧಾನ ಆಯ್ತು.

ಸೀಲ್ ತುಟಿ ಉಗುರಲ್ಲಿ ಒತ್ತಿದ್ರೆ ಪ್ಲಾಸ್ಟಿಕ್ ತರ ಗಟ್ಟಿ ಆಗಿತ್ತು. ಅಷ್ಟೇ ಅಲ್ಲ, ಸೀಲ್ ತೆಗೆದ ಮೇಲೆ ಶಾಫ್ಟ್ ಮೇಲೆ ತುಟಿ ಉಜ್ಜಿದ ಜಾಗದಲ್ಲಿ ಹೊಳೆಯೋ ಗೆರೆ, ಉಗುರಿಗೆ ತಡೆಯೋಷ್ಟು ಆಳ. ಹೊಸ ಸೀಲ್ ತಂದು ಅದೇ ಜಾಗಕ್ಕೆ ಬಡಿದ್ರೆ ಹೊಸ ತುಟಿನೂ ಅದೇ ಗುಂಡಿಯಲ್ಲಿ ಕೂರುತ್ತೆ, ಲೀಕ್ ಬೇಗನೇ ವಾಪಸ್. ಇದಕ್ಕೆ ಸೀಲ್‌ನ ಒಂದು ಎಂಎಂ ಈಚೆಗೆ ಕೂರಿಸೋದು, ತುಟಿ ಸವೆಯದ ಲೋಹದ ಮೇಲೆ ಬರುತ್ತೆ, ಆದ್ರೆ ಸೀಲ್‌ನ ಹೊರಬದಿ ಮ್ಯಾಗ್ನೆಟ್‌ಗೆ ತಾಗ್ಬಾರ್ದು. ಅದಕ್ಕೂ ಮುಂಚೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ, ಬೇರಿಂಗ್‌ನಲ್ಲಿ ಆಟ ಇರ್ಲಿಲ್ಲ. ಆಟ ಇದ್ದಿದ್ರೆ ಬೇರಿಂಗ್ ಹಾಕದೆ ಸೀಲ್ ಮಾತ್ರ ಹಾಕೋದು ದಂಡ, ಶಾಫ್ಟ್ ಅಲುಗಾಡ್ತಿದ್ರೆ ಯಾವ ತುಟಿನೂ ಹಿಡಿಯಲ್ಲ. ಸೀಲ್ ಅಳತೆ ಅದರ ಮುಖದ ಮೇಲೇ ಬರೆದಿರುತ್ತೆ, ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಎರಡೂ ಕಡೆ ಬದಲಾಯಿಸಿದೆ, ಹಿಂದಿನದು ಪಾಸಾಗಿದ್ರೂ ವಯಸ್ಸು ಒಂದೇ ಅಲ್ವ. ಹಾಕುವಾಗ ಶಾಫ್ಟ್‌ನ ಕೀ ಕಾಲುವೆ ಮೇಲೆ ಟೇಪ್ ಸುತ್ತಿ, ತುಟಿಗೆ ಆಯಿಲ್ ಹಚ್ಚಿ, ಅಳತೆಗೆ ಸರಿಯಾದ ಸಾಕೆಟ್ ಇಟ್ಟು ಮೆಲ್ಲಗೆ ಬಡೀಬೇಕು, ಇಲ್ಲಾಂದ್ರೆ ಕೀ ಕಾಲುವೆಯ ಅಂಚೇ ಹೊಸ ತುಟಿಯನ್ನ ಕೊಯ್ದುಬಿಡುತ್ತೆ.

ಸಿಲಿಂಡರ್ ಬಿಚ್ಚಿದಾಗ ಒಳಗೆ ಎಕ್ಸಾಸ್ಟ್ ಕಡೆ ಬೂದು ಪಟ್ಟೆಗಳು. ಇದನ್ನ ನೋಡಿ ಸಿಲಿಂಡರ್ ಹೋಯ್ತು ಅಂತ ಎಸೆಯೋರೇ ಜಾಸ್ತಿ. ಎಷ್ಟೋ ಸಲ ಅದು ಗೀರಲ್ಲ, ಪಿಸ್ಟನ್‌ನ ಅಲ್ಯೂಮಿನಿಯಂ ಸಿಲಿಂಡರ್ ಒಳಗಿನ ಕ್ರೋಮ್ ಪದರದ ಮೇಲೆ ಅಂಟಿರೋದು. ಹೈಡ್ರೋಕ್ಲೋರಿಕ್ ಆಸಿಡ್‌ನ ಹತ್ತಿ ಕಡ್ಡಿಯಲ್ಲಿ ಆ ಪಟ್ಟೆ ಮೇಲೆ ಮಾತ್ರ ಮುಟ್ಟಿಸಿದ್ರೆ ನೊರೆ ಬಂದು ಅಲ್ಯೂಮಿನಿಯಂ ಕರಗುತ್ತೆ, ಕ್ರೋಮ್ ಪದರವನ್ನೂ ತುಂಬಾ ಹೊತ್ತು ಆಸಿಡ್‌ನಲ್ಲಿ ಬಿಡೋ ಹಾಗಿಲ್ಲ, ಮುಟ್ಟಿಸೋದು ಒರೆಸೋದು ಅಷ್ಟೇ. ಪಟ್ಟೆ ಹೋದ ಮೇಲೂ ಒಂದೇ ಜಾಗದಲ್ಲಿ ನೊರೆ ನಿಲ್ಲದಿದ್ರೆ ಅಲ್ಲಿ ಕ್ರೋಮ್ ಎದ್ದು ಕೆಳಗಿನ ಸಿಲಿಂಡರೇ ಕರಗ್ತಾ ಇದೆ ಅಂತ, ಆಗ ಸಿಲಿಂಡರ್ ನಿಜವಾಗ್ಲೂ ಹೋಯ್ತು. ಬಯಲಲ್ಲಿ, ಗ್ಲೌಸ್ ಕನ್ನಡಕ ಹಾಕೊಂಡು ಮಾಡಿ, ಕೊನೆಗೆ ಸೋಡಾ ಪುಡಿ ಕಲೆಸಿದ ನೀರಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಿ. ಇದರದ್ದು ಪಟ್ಟೆ ಹೋಗಿ ಉಗುರಿಗೆ ಏನೂ ತಡೀಲಿಲ್ಲ, ಸಿಲಿಂಡರ್ ಉಳೀತು. ಪಿಸ್ಟನ್, ರಿಂಗ್, ಪಿನ್ನಿನ ಲಾಕ್‌ಗಳು, ಗ್ಯಾಸ್ಕೆಟ್ ಹೊಸದು. ಪಿಸ್ಟನ್ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ, ರಿಂಗ್ ತುದಿಗಳು ಕಾಲುವೆಯಲ್ಲಿರೋ ಸಣ್ಣ ಪಿನ್‌ಗೆ ಸರಿಯಾಗಿ.

ಎಲ್ಲಾ ಜೋಡಿಸಿ ಕಾರ್ಬೊರೇಟರ್ ಹಾಕೋ ಮುಂಚೆ ಪ್ರೆಷರ್, ವ್ಯಾಕ್ಯೂಮ್ ಎರಡೂ ಮತ್ತೆ ಮಾಡಿದೆ, ಈ ಸಲ ಎರಡರಲ್ಲೂ ಮುಳ್ಳು ನಿಂತಲ್ಲೇ ನಿಂತಿತು. ಆಮೇಲೇ ಪೆಟ್ರೋಲ್. ಆಯಿಲ್ ಮಷೀನ್ ಪುಸ್ತಕದಲ್ಲಿ ಇರೋಷ್ಟೇ, ಲೀಟರ್‌ಗೆ 20 ಎಂಎಲ್.

ಸ್ಟಾರ್ಟ್ ಆಯ್ತು, ರೇಸ್ ಕೊಟ್ಟು ಬಿಟ್ರೆ ಐಡಲ್‌ಗೆ ತಕ್ಷಣ ಬಿತ್ತು, ಹೆಡ್ ತಿರುಗೋದು ನಿಂತಿತು. ಆದ್ರೆ ಈಗ ಟ್ಯೂನಿಂಗ್ ಹಳೇದರ ಮೇಲೆ ಬಿಡೋ ಹಾಗಿಲ್ಲ, ಲೀಕ್ ಇದ್ದಾಗ ಯಾರೋ ಅದಕ್ಕೆ ತಕ್ಕಂಗೆ ತಿರುಗಿಸಿರ್ತಾರೆ. ಎಚ್ ಸ್ಕ್ರೂ ಅಡ್ಜಸ್ಟ್ ಮಾಡುವಾಗ ಅತೀ ಜೋರು ಕಿರುಚೋ ಪಾಯಿಂಟ್ ಹುಡುಕೋದು ಬಹಳ ಜನರ ಅಭ್ಯಾಸ, ಅದು ಲೀನ್ ಪಾಯಿಂಟ್, ಇವರ ಇಂಜಿನ್ ಸಾಯೋ ಮುಂಚೆ ಕೂಗಿದ್ದೂ ಅದೇ ಕೂಗು. ದಾರನ ಗಾರ್ಡ್‌ನ ಚಾಕು ತನಕ ಪೂರ್ತಿ ಬಿಟ್ಟು, ಫುಲ್ ರೇಸ್‌ನಲ್ಲಿ ಲೋಡ್ ಇಲ್ಲದಾಗ ಸ್ವಲ್ಪ ಬರ್‌ಬರ್ ಅನ್ನೋ ಒರಟು ಸೌಂಡ್ ಇರ್ಬೇಕು, ಹುಲ್ಲಿಗೆ ಹಾಕಿದ ಕೂಡ್ಲೇ ಅದು ಕ್ಲೀನ್ ಆಗ್ಬೇಕು. ಟ್ಯಾಕೋಮೀಟರ್ ಇದ್ರೆ ತಯಾರಕರು ಕೊಟ್ಟ ಗರಿಷ್ಠ ಆರ್‌ಪಿಎಂ ದಾಟ್ತಾ ಇಲ್ಲ ಅಂತ ನೋಡ್ಕೊಳ್ಳಿ, ದಾರ ಗಿಡ್ಡ ಆಗಿದ್ರೆ ಲೋಡ್ ಕಮ್ಮಿ ಆಗಿ ರೀಡಿಂಗ್ ಮೋಸ ಮಾಡುತ್ತೆ. ಗಾರ್ಡ್ ಬಿಚ್ಚಿಟ್ಟು ಉದ್ದುದ್ದ ದಾರ ಬಿಟ್ಟು ಓಡಿಸೋರಿಗೂ ಒಂದು ಮಾತು, ಲೋಡ್ ಏರಿ ಆರ್‌ಪಿಎಂ ಬಿದ್ರೆ ಫ್ಯಾನ್ ಗಾಳಿನೂ ಬೀಳುತ್ತೆ, ಇಂಜಿನ್ ಬೇಯುತ್ತೆ.

ಮೊದಲ ಟ್ಯಾಂಕ್ ಸಣ್ಣ ಹುಲ್ಲಲ್ಲಿ ರೇಸ್ ಏರಿಸಿ ಇಳಿಸಿ ಓಡಿಸಿ ಅಂದಿದ್ದೆ, ಮುಗಿದ ಮೇಲೆ ತಂದ್ರು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ: ರಿಂಗ್ ಕಾಲುವೆಯಲ್ಲಿ ಸರಾಗ ಆಡ್ತಿದೆ, ಎಕ್ಸಾಸ್ಟ್ ಕಡೆನೂ ಲೇತ್ ಗೆರೆ ಹಾಗೇ ಇದೆ, ಪ್ಲಗ್ ಕಂದು. ಎಲ್ ಸ್ಕ್ರೂ (ಐಡಲ್ ಕಡೆಯ ಪೆಟ್ರೋಲ್ ಹೊಂದಿಸೋದು) ಚೂರು ತಿರುಗಿಸೋದಿತ್ತು, ತಿರುಗಿಸಿದೆ. ಕ್ಲಚ್ ಡ್ರಮ್ ಬೇರಿಂಗ್ ಕೈಯಲ್ಲಿ ತಿರುಗಿಸಿದ್ರೆ ಸ್ವಲ್ಪ ಕರಕರ ಅಂತಿದೆ, ಅದಕ್ಕೂ ಈ ಸೀಜ್‌ಗೂ ಸಂಬಂಧ ಇಲ್ಲ, ಆದ್ರೆ ಅಲುಗಾಟ ಜಾಸ್ತಿ ಆಗೋ ಮುಂಚೆ ಅದನ್ನೂ ಹಾಕಿಸಿ ಅಂತ ಹೇಳಿ ಕಳಿಸಿದೀನಿ.